ಹುಡುಗ–ಹುಡುಗಿಯರ ಅಂಕಗಳ ಅಂತರದಲ್ಲಿ ಶಾಲೆಯ ಪಾಲೆಷ್ಟು? ಅಳೆಯುವ ಬಗೆ, ಸರಿಪಡಿಸುವ ಬಗೆ

ಫಲಿತಾಂಶ ಬಂದ ದಿನ ಶಿಕ್ಷಕರ ಕೊಠಡಿಯಲ್ಲಿ ಎರಡು ಮಾತು ಖಾಯಂ. ಭಾಷಾ ಶಿಕ್ಷಕರು ‘ಹುಡುಗಿಯರು ಕೂತು ಓದುತ್ತಾರೆ, ಹುಡುಗರಿಗೆ ಅದು ಒಗ್ಗೋದಿಲ್ಲ’ ಅನ್ನುತ್ತಾರೆ. ಗಣಿತದವರು ‘ಲೆಕ್ಕ ಅಂದರೆ ಹುಡುಗಿಯರಿಗೆ ಭಯ’ ಅನ್ನುತ್ತಾರೆ. ಎರಡರಲ್ಲೂ ಮಕ್ಕಳ ಸ್ವಭಾವ ಇದೆ, ಮನೆಯ ನೆರಳಿದೆ. ಶಾಲೆ ಮಾತ್ರ ಎಲ್ಲೂ ಇಲ್ಲ.

15 ವರ್ಷದ ಮಕ್ಕಳಿಗೆ ಹಲವು ದೇಶಗಳಲ್ಲಿ ನಡೆಯುವ ಪೀಸಾ ಪರೀಕ್ಷೆಯಲ್ಲಿ ಓಇಸಿಡಿ (ಬಹುಪಾಲು ಶ್ರೀಮಂತ ದೇಶಗಳ ಒಕ್ಕೂಟ) ದೇಶಗಳ ಸರಾಸರಿ ನೋಡಿ. 2012ರಲ್ಲಿ ಓದಿನಲ್ಲಿ, ಅಂದರೆ ಓದಿ ಅರ್ಥಮಾಡಿಕೊಳ್ಳುವುದರಲ್ಲಿ, ಹುಡುಗಿಯರು 38 ಅಂಕ ಮುಂದಿದ್ದರು, ಗಣಿತದಲ್ಲಿ ಹುಡುಗರು 11 ಅಂಕ ಮುಂದಿದ್ದರು. 2018ರಲ್ಲಿ ಅದು 30 ಮತ್ತು 5 ಆಯಿತು. 2022ರಲ್ಲಿ 24 ಮತ್ತು 9. ಹತ್ತು ವರ್ಷದಲ್ಲಿ ಮಕ್ಕಳ ಮೆದುಳು ಬದಲಾಗಿರಲಾರದು. ಬದಲಾದದ್ದು ಅವರು ಕಲಿಯುವ, ಪರೀಕ್ಷೆ ಬರೆಯುವ ವ್ಯವಸ್ಥೆ. 2015ರಲ್ಲಿ ಪರೀಕ್ಷೆ ಕಾಗದದಿಂದ ಕಂಪ್ಯೂಟರಿಗೆ ಹೋದಾಗಲೇ ಓದಿನ ಅಂತರ 27ಕ್ಕೆ ಇಳಿದಿತ್ತು. ದೇಶದಿಂದ ದೇಶಕ್ಕೆ, ಒಂದೇ ಊರಿನ ಎರಡು ಶಾಲೆಗಳ ನಡುವೆಯೂ ಅಂತರ ಒಂದೇ ಸಮ ಇರುವುದಿಲ್ಲ. ಆ ಏರಿಳಿತದಲ್ಲೇ ಶಾಲೆಯ ಪಾಲನ್ನು ಹುಡುಕಬೇಕು.

ಬೇಕಾದ ಸಾಮಗ್ರಿ ಹೆಚ್ಚಿಲ್ಲ: ಮೂರು ವರ್ಷದ ಅಂಕಪಟ್ಟಿ, ದಾಖಲಾತಿ ಮತ್ತು ಹಾಜರಿ ಪುಸ್ತಕ, ಒಂದು ಸ್ಪ್ರೆಡ್‌ಶೀಟ್, ತರಗತಿಯ ಹಿಂದೆ ಕೂತು ಎಣಿಸುವ ತಾಳ್ಮೆಯಿರುವ ಇಬ್ಬರು. ಶಾಲಾ ವರ್ಷದ ಒಂದು ಅವಧಿಯಲ್ಲಿ (ಟರ್ಮ್) ಅಳತೆ, ಮುಂದಿನ ಅವಧಿಯಲ್ಲಿ ಬದಲಾವಣೆ ಎಂದು ಹಂಚಿಕೊಂಡರೆ ಕೆಲಸ ಹಗುರ.

ಮೊದಲು ಅಂತರವನ್ನು ಸರಿಯಾಗಿ ಲೆಕ್ಕ ಹಾಕಿ

ಒಬ್ಬ ವಿದ್ಯಾರ್ಥಿಗೆ ಒಂದು ಸಾಲು. ಕಾಲಂಗಳು: ಸಂಖ್ಯೆ, ಹುಡುಗ/ಹುಡುಗಿ, ಹುಟ್ಟಿದ ದಿನಾಂಕ, ಶಾಲೆಗೆ ಸೇರಿದ ವರ್ಷ, ಹಾಜರಿ ದಿನಗಳು, ಪ್ರತಿ ವಿಷಯದ ಲಿಖಿತ ಪರೀಕ್ಷೆ ಅಂಕ, ಪ್ರತಿ ವಿಷಯದ ಆಂತರಿಕ ಅಂಕ. ಲಿಖಿತ ಮತ್ತು ಆಂತರಿಕ ಅಂಕಗಳನ್ನು ಕೂಡಿಸಿ ಒಂದೇ ಕಾಲಂ ಮಾಡಬೇಡಿ. ಮುಂದಿನ ಅರ್ಧ ಕೆಲಸ ಆ ಎರಡರ ನಡುವಿನ ವ್ಯತ್ಯಾಸದ ಮೇಲೇ ನಿಂತಿದೆ.

ಪಾಸಾದವರ ಶೇಕಡಾವಾರು ಹೋಲಿಸುವುದು ಎಲ್ಲರೂ ಮಾಡುವ ತಪ್ಪು. ಪಾಸಿನ ಗೆರೆ ಎಲ್ಲಿದೆ ಎಂಬುದರ ಮೇಲೆ ಆ ಸಂಖ್ಯೆ ಕುಣಿಯುತ್ತದೆ. ಹುಡುಗರ ಅಂಕಗಳು ಅನೇಕ ಕಡೆ ಹೆಚ್ಚು ಹರಡಿಕೊಂಡಿರುತ್ತವೆ, ಅಂದರೆ ತೀರಾ ಕೆಳಗೂ ತೀರಾ ಮೇಲೂ ಅವರೇ ಹೆಚ್ಚು. ಹಾಗಾಗಿ ಗೆರೆ 35ರಲ್ಲಿದ್ದರೆ ಹುಡುಗರು ಹಿಂದೆ ಕಾಣುತ್ತಾರೆ, ಅದೇ ಮಕ್ಕಳ ಮೇಲೆ 90ರ ಗೆರೆ ಎಳೆದರೆ ಮುಂದೆ ಕಾಣಬಹುದು. ಸರಾಸರಿ ತೆಗೆಯಿರಿ. ಅದರ ಜೊತೆ ತರಗತಿಯ ಕೆಳಗಿನ ಕಾಲು ಭಾಗದಲ್ಲಿ ಮತ್ತು ಮೇಲಿನ ಹತ್ತನೇ ಒಂದು ಭಾಗದಲ್ಲಿ ಯಾರು ಎಷ್ಟಿದ್ದಾರೆ ಎಂದು ಎಣಿಸಿ.

ಒಂದು ಉದಾಹರಣೆ. ಭಾಷೆಯಲ್ಲಿ ಹುಡುಗಿಯರ ಸರಾಸರಿ 62, ಹುಡುಗರದ್ದು 56, ಅಂಕಗಳ ಮಾನಕ ವಿಚಲನೆ (ಅಂಕಗಳು ಸರಾಸರಿಯಿಂದ ಎಷ್ಟು ಹರಡಿವೆ ಎಂಬುದರ ಅಳತೆ) 18 ಎಂದುಕೊಳ್ಳಿ. ಅಂತರ 6. ಅದನ್ನು 18ರಿಂದ ಭಾಗಿಸಿದರೆ 0.33. ಹೀಗೆ ಭಾಗಿಸಿದ ಮೇಲೆಯೇ ಬೇರೆ ಬೇರೆ ವಿಷಯ, ಬೇರೆ ಬೇರೆ ವರ್ಷಗಳನ್ನು ಪಕ್ಕಪಕ್ಕ ಇಡಲು ಬರುತ್ತದೆ. 0.2ರ ಆಸುಪಾಸು ಸಣ್ಣ ಅಂತರ, 0.5 ಮಧ್ಯಮ. 0.33 ಎಂದರೆ ಚೀಟಿ ಎತ್ತಿ ಒಬ್ಬ ಹುಡುಗಿ, ಒಬ್ಬ ಹುಡುಗನ ನೂರು ಜೋಡಿ ಮಾಡಿದರೆ ಸುಮಾರು 59ರಲ್ಲಿ ಹುಡುಗಿ ಮುಂದೆ, 41ರಲ್ಲಿ ಹುಡುಗ ಮುಂದೆ. ‘ಹುಡುಗರು ಓದೋದೇ ಇಲ್ಲ’ ಎಂಬ ಮಾತಿಗೂ ಈ 41ಕ್ಕೂ ಎಲ್ಲಿಂದೆಲ್ಲಿಯ ಸಂಬಂಧ?

ಈ 6 ಅಂಕ ನಿಜವಾದ ಅಂತರವೋ, ಆ ವರ್ಷದ ಅದೃಷ್ಟವೋ? 40 ಹುಡುಗಿಯರು, 40 ಹುಡುಗರಿದ್ದರೆ ದೋಷದ ಅಳತೆ 18 × √(1/40 + 1/40), ಅಂದರೆ ಸುಮಾರು 4. ಅದರ ಇಮ್ಮಡಿ 8, ಅಷ್ಟರೊಳಗಿನ ಅಂತರ ಬರೀ ಅದೃಷ್ಟದಿಂದಲೂ ಬಂದಿರಬಹುದು. ಅಂತರ 6 ಇದ್ದರೂ 8ನ್ನು ದಾಟಲಿಲ್ಲ, ಆದ್ದರಿಂದ ಏನೂ ಹೇಳುವಂತಿಲ್ಲ. ಮೂರು ವರ್ಷ ಸೇರಿಸಿ 120 ಹುಡುಗಿಯರು, 120 ಹುಡುಗರಾದರೆ ಇಮ್ಮಡಿ ದೋಷ 4.6ಕ್ಕೆ ಇಳಿಯುತ್ತದೆ. ಈಗ ಅದೇ 6ರ ಅಂತರವನ್ನು ನಂಬಬಹುದು. ಮೂರು ವರ್ಷದ ಅಂಕ ಕೇಳಿದ್ದು ಇದಕ್ಕೇ. ಒಂದೇ ವರ್ಷದ ಫಲಿತಾಂಶ ಹಿಡಿದು ಸಭೆ ಕರೆಯುವವರು ಬಹುಪಾಲು ಗಾಳಿಯೊಂದಿಗೆ ಗುದ್ದಾಡುತ್ತಿರುತ್ತಾರೆ.

ಪಟ್ಟಿಯಲ್ಲಿ ಇಲ್ಲದವರನ್ನು ಹುಡುಕಿ

ದಾಖಲಾತಿ ಪುಸ್ತಕ ತೆಗೆದು, ಪರೀಕ್ಷೆ ಬರೆದ ತಂಡ ಮೊದಲು ಸೇರಿದಾಗ ಎಷ್ಟು ಹುಡುಗರು, ಎಷ್ಟು ಹುಡುಗಿಯರಿದ್ದರು ನೋಡಿ. 60 ಹುಡುಗರು ಸೇರಿ 42 ಮಂದಿ ಪರೀಕ್ಷೆಗೆ ಕೂತಿದ್ದರೆ, ಬಿಟ್ಟುಹೋದ 18 ಮಂದಿಯ ಕೊನೆಯ ಅಂಕಗಳನ್ನು ಹುಡುಕಿ. ಹಿಂದುಳಿದವರೇ ಹೊರಗೆ ಹೋಗಿದ್ದರೆ ಉಳಿದ ಹುಡುಗರ ಸರಾಸರಿ ತಾನಾಗಿ ಏರುತ್ತದೆ, ಅಂತರ ಮುಚ್ಚಿದಂತೆ ಕಾಣುತ್ತದೆ. ಹುಡುಗಿಯರು ಹೆಚ್ಚು ಬಿಡುವ ಕಡೆ ಇದೇ ತಿರುಗುಮುರುಗು.

ಇದರ ಜೊತೆಗೇ ಇನ್ನೊಂದು ಪರೀಕ್ಷೆ: ಅಂತರ ಯಾವ ತರಗತಿಯಲ್ಲಿ ಶುರುವಾಯಿತು? ಈ ವರ್ಷದ 3, 5, 7ನೇ ತರಗತಿಗಳನ್ನು ಪಕ್ಕಪಕ್ಕ ಇಟ್ಟರೆ ಉತ್ತರ ಸಿಗುವುದಿಲ್ಲ, ಅವರು ಬೇರೆ ಬೇರೆ ಮಕ್ಕಳು. ಅದೇ ಮಕ್ಕಳ ಅಂಕಗಳನ್ನು ವರ್ಷದಿಂದ ವರ್ಷಕ್ಕೆ ಹಿಂಬಾಲಿಸಿ. ಸೇರುವಾಗಲೇ 0.3 ಇದ್ದು ಕೊನೆಯವರೆಗೂ 0.3 ಉಳಿದಿದ್ದರೆ ಶಾಲೆ ಅದನ್ನು ಕಡಿಮೆಯನ್ನೂ ಮಾಡಿಲ್ಲ, ಹೆಚ್ಚೂ ಮಾಡಿಲ್ಲ. 4ನೇ ತರಗತಿಯಲ್ಲಿ 0.1 ಇದ್ದದ್ದು 6ನೇ ತರಗತಿಯಲ್ಲಿ 0.4 ಆಗಿದ್ದರೆ ಆ ಎರಡು ವರ್ಷದಲ್ಲಿ ಶಾಲೆಯೊಳಗೆ ಏನು ಬದಲಾಯಿತೆಂದು ನೋಡಿ: ಒಬ್ಬರೇ ಶಿಕ್ಷಕರಿಂದ ವಿಷಯವಾರು ಶಿಕ್ಷಕರಿಗೆ ಹೋದದ್ದು, ವಿಭಾಗಗಳನ್ನು ಅಂಕದ ಮೇಲೆ ಒಡೆದದ್ದು, ಹೋಮ್‌ವರ್ಕ್ ಹೆಚ್ಚಿದ್ದು.

ಹೆಸರು ಮುಚ್ಚಿ ಮೌಲ್ಯಮಾಪನ

ಎಲ್ಲ ಹಂತಗಳಲ್ಲಿ ಅತಿ ಹೆಚ್ಚು ಪ್ರತಿರೋಧ ಬರುವುದು ಇಲ್ಲಿ, ಅತಿ ಹೆಚ್ಚು ತಿಳಿಯುವುದೂ ಇಲ್ಲಿ.

ಒಂದು ವಿಷಯ ಆರಿಸಿ. ಈಗಾಗಲೇ ತಿದ್ದಿದ ಉತ್ತರಪತ್ರಿಕೆಗಳಲ್ಲಿ ಹುಡುಗಿಯರದ್ದು 30, ಹುಡುಗರದ್ದು 30 ತೆಗೆಯಿರಿ. ತೀರಾ ಮೇಲಿನ, ತೀರಾ ಕೆಳಗಿನ ಪತ್ರಿಕೆಗಳು ಬೇಡ, ಅಲ್ಲಿ ಅಂಕ ಅಲುಗಾಡಲು ಜಾಗವಿಲ್ಲ. ಹಳೆಯ ಅಂಕ, ಕೆಂಪು ಗುರುತು, ಹೆಸರು ಎಲ್ಲವನ್ನೂ ಮುಚ್ಚಿ ನಕಲು ತೆಗೆದು ಸಂಕೇತ ಸಂಖ್ಯೆ ಹಾಕಿ. ಕೈಬರಹ ನೋಡಿಯೇ ‘ಇದು ಹುಡುಗಿಯದ್ದು’ ಎಂದು ಊಹಿಸುವವರು ಇರುತ್ತಾರೆ, ಆದ್ದರಿಂದ ಕನಿಷ್ಠ 20 ಪತ್ರಿಕೆಗಳ ದೀರ್ಘ ಉತ್ತರಗಳನ್ನು ಟೈಪ್ ಮಾಡಿಸಿ. ಕಾಗುಣಿತದ ತಪ್ಪು ಇದ್ದಂತೆಯೇ ಇರಲಿ, ಟೈಪ್ ಮಾಡುವವರು ಕನಿಕರದಿಂದ ತಿದ್ದಿದರೆ ಕೆಲಸ ಕೆಟ್ಟಿತು. ಈ ಮಕ್ಕಳನ್ನು ಅರಿಯದ ಇಬ್ಬರು ಶಿಕ್ಷಕರು ಅದೇ ಮಾದರಿ ಉತ್ತರ ಇಟ್ಟುಕೊಂಡು ತಿದ್ದಲಿ. ಇಬ್ಬರ ಸರಾಸರಿ ತೆಗೆದುಕೊಳ್ಳಿ.

ಈಗ ಪ್ರತಿ ಪತ್ರಿಕೆಗೂ ‘ಹೆಸರಿದ್ದಾಗಿನ ಅಂಕ ಕಳೆ ಹೆಸರಿಲ್ಲದ ಅಂಕ’ ಬರೆಯಿರಿ. ಹುಡುಗಿಯರಿಗೆ ಸರಾಸರಿ +3, ಹುಡುಗರಿಗೆ −1 ಬಂದರೆ ತಿದ್ದುವ ಕೈಯೇ 4 ಅಂಕದ ಅಂತರ ಹುಟ್ಟುಹಾಕಿದೆ. ಎರಡೂ ಕಡೆ +3 ಬಂದರೆ ಅದು ಬರೀ ಧಾರಾಳ, ಪಕ್ಷಪಾತವಲ್ಲ. 30–30 ಪತ್ರಿಕೆಗಳಲ್ಲಿ 2 ಅಂಕಕ್ಕಿಂತ ಕಡಿಮೆ ವ್ಯತ್ಯಾಸವನ್ನು ನೆಚ್ಚಬೇಡಿ.

ಇದನ್ನೂ ಇನ್ನೊಂದು ಹೋಲಿಕೆಯನ್ನೂ ಬೆರೆಸಬಾರದು. ಆಂತರಿಕ ಅಂಕವನ್ನು ಹೊರಗಿನ ಪರೀಕ್ಷೆಯ ಅಂಕದೊಡನೆ ಇಟ್ಟಾಗ ಕಾಣುವ ಅಂತರದಲ್ಲಿ ನೋಟ್‌ಬುಕ್ಕಿನ ಅಂದ, ಹೋಮ್‌ವರ್ಕ್, ಹಾಜರಿ, ನಡತೆ ಎಲ್ಲ ಕಲಸಿಕೊಂಡಿವೆ. ಅಲ್ಲಿ ಹುಡುಗಿಯರು ಮುಂದಿದ್ದ ಮಾತ್ರಕ್ಕೆ ಶಿಕ್ಷಕರಿಗೆ ಒಲವಿದೆ ಎಂದಾಗದು, ಅವರು ನಿಜಕ್ಕೂ ಹೆಚ್ಚು ಕೆಲಸ ಮಾಡಿರಬಹುದು. 2012ರ ಪೀಸಾದಲ್ಲಿ ಓಇಸಿಡಿ ದೇಶಗಳ ಹುಡುಗಿಯರು ವಾರಕ್ಕೆ ಸುಮಾರು 5.5 ಗಂಟೆ, ಹುಡುಗರು 4.5 ಗಂಟೆ ಹೋಮ್‌ವರ್ಕ್ ಮಾಡಿದ್ದಾಗಿ ಹೇಳಿದ್ದರು.

ಪಕ್ಷಪಾತ ಯಾವ ಕಡೆ ವಾಲುತ್ತದೆಂದು ಮೊದಲೇ ಊಹಿಸಲು ಹೋಗಬೇಡಿ. ಇಸ್ರೇಲಿನ ಪ್ರೌಢ ಹಂತದ ಪರೀಕ್ಷೆಗಳಲ್ಲಿ ಶಾಲೆ ಕೊಟ್ಟ ಅಂಕವನ್ನೂ ಹೆಸರಿಲ್ಲದೆ ತಿದ್ದಿದ ರಾಜ್ಯಮಟ್ಟದ ಅಂಕವನ್ನೂ ಹೋಲಿಸಿ ವಿಕ್ಟರ್ ಲಾವಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಷ್ಟ ಆದದ್ದು ಹುಡುಗರಿಗೆ, ಗಣಿತ–ವಿಜ್ಞಾನದಲ್ಲೂ. ಇಟಲಿಯಲ್ಲಿ ಮಿಕೆಲಾ ಕಾರ್ಲಾನಾ 2019ರಲ್ಲಿ ತೋರಿಸಿದ್ದು ಬೇರೆ ಚಿತ್ರ: ‘ಗಣಿತ ಗಂಡಿಗೆ’ ಎಂಬ ಭಾವನೆ ಒಳಗೊಳಗೇ ಬಲವಾಗಿದ್ದ ಶಿಕ್ಷಕರ ತರಗತಿಗಳಲ್ಲಿ ಹುಡುಗಿಯರ ಗಣಿತದ ಅಂಕ ಕುಸಿದಿತ್ತು, ಮುಂದೆ ಅವರು ಆರಿಸಿಕೊಂಡ ಓದಿನ ಹಾದಿಯೂ ಸೊರಗಿತ್ತು.

ಪರಿಹಾರ ಅಗ್ಗದ್ದು. ಹೆಸರಿನ ಬದಲು ಸಂಕೇತ ಸಂಖ್ಯೆ. ಒಂದು ಪತ್ರಿಕೆ ಪೂರ್ತಿ ತಿದ್ದಿ ಮುಂದಿನದಕ್ಕೆ ಹೋಗುವ ಬದಲು ಎಲ್ಲರ 1ನೇ ಪ್ರಶ್ನೆ, ಆಮೇಲೆ ಕಟ್ಟು ಕಲಸಿ ಎಲ್ಲರ 2ನೇ ಪ್ರಶ್ನೆ. ಹೀಗೆ ಮಾಡಿದರೆ ಮೊದಲ ಉತ್ತರದ ಮೆಚ್ಚುಗೆ ಎರಡನೆಯದಕ್ಕೆ ಹರಿಯುವುದಿಲ್ಲ. ಅರ್ಧ ಅಂಕ ಯಾವುದಕ್ಕೆ ಎಂದು ಮೊದಲೇ ಬರೆದಿಡಿ. ಅಂದವಾದ ಬರಹಕ್ಕೆ ಅಂಕ ಕೊಡಲೇಬೇಕಿದ್ದರೆ 2 ಅಂಕದ ಪ್ರತ್ಯೇಕ ಕಾಲಂ ಇರಲಿ, ಇಲ್ಲವಾದರೆ ಅದು ಸದ್ದಿಲ್ಲದೆ ಎಲ್ಲ ಉತ್ತರಗಳಿಗೂ ಸೇರಿಬಿಡುತ್ತದೆ.

ಪ್ರಶ್ನೆಪತ್ರಿಕೆಯ ಆಕಾರ

ಅಂಕಗಳನ್ನು ಬಹು ಆಯ್ಕೆ, ಚಿಕ್ಕ ಉತ್ತರ, ದೀರ್ಘ ಉತ್ತರ ಎಂದು ಒಡೆದು ಮೂರಕ್ಕೂ ಬೇರೆ ಬೇರೆ ಅಂತರ ತೆಗೆಯಿರಿ. ಬಹು ಆಯ್ಕೆಯಲ್ಲಿ ಹುಡುಗರು, ಬರೆದು ಉತ್ತರಿಸುವಲ್ಲಿ ಹುಡುಗಿಯರು ತುಲನಾತ್ಮಕವಾಗಿ ಮೇಲೆ ಇರುವುದು ಅಮೆರಿಕದ ರಾಜ್ಯಗಳ ಪರೀಕ್ಷೆಗಳಲ್ಲಿ ಸ್ಪಷ್ಟವಾಗಿ ಕಂಡಿದೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವ ಪದ್ಧತಿಯಿದ್ದರೆ ಖಾಲಿ ಬಿಟ್ಟ ಪ್ರಶ್ನೆಗಳನ್ನೂ ಎಣಿಸಿ. ಉತ್ತರ ಗೊತ್ತಿದ್ದೂ ಬಿಡುವ ಹುಡುಗಿಯರು, ಗೊತ್ತಿಲ್ಲದೆಯೂ ಗುರುತು ಹಾಕುವ ಹುಡುಗರು ಎಂಬ ಮಾದರಿ ಕಂಡರೆ ಅಳೆದದ್ದು ಜ್ಞಾನವನ್ನಲ್ಲ, ಧೈರ್ಯವನ್ನು. ಪರೀಕ್ಷೆ ಉದ್ದವಾದಷ್ಟೂ ಹುಡುಗಿಯರು ಕೊನೆಯವರೆಗೆ ಹೆಚ್ಚು ಸ್ಥಿರವಾಗಿ ಉತ್ತರಿಸುತ್ತಾರೆ ಎಂಬುದೂ ತಿಳಿದದ್ದೇ. ಹಾಗಾಗಿ ಮೊದಲ 10 ಮತ್ತು ಕೊನೆಯ 10 ಪ್ರಶ್ನೆಗಳ ಅಂತರ ಬೇರೆ ಬೇರೆ ನೋಡಿ. ಪತ್ರಿಕೆಯ ಆಕಾರ ಬದಲಾದ ವರ್ಷ ಅಂತರವೂ ಬದಲಾಗಿದ್ದರೆ ‘ಈ ಸಲ ಹುಡುಗರು ಚೆನ್ನಾಗಿ ಓದಿದ್ದಾರೆ’ ಎಂದು ಬೆನ್ನು ತಟ್ಟುವ ಮುಂಚೆ ಸ್ವಲ್ಪ ತಡೆಯಿರಿ.

ತರಗತಿಯಲ್ಲಿ ಮಾತು ಯಾರದ್ದು?

ಆಸನಗಳ ನಕ್ಷೆ ಬರೆದುಕೊಂಡು ಹಿಂದೆ ಕೂತು ಪ್ರತಿ ಪ್ರಶ್ನೆಗೂ ಆ ಮಗುವಿನ ಚೌಕದಲ್ಲಿ ಗುರುತು ಹಾಕಿ. ಗುರುತು ನಾಲ್ಕೇ ಇರಲಿ: ಶಿಕ್ಷಕರು ಹೆಸರು ಕರೆದದ್ದು, ಕೈಯೆತ್ತಿ ಅವಕಾಶ ಪಡೆದದ್ದು, ಕರೆಯದೆಯೇ ಕೂಗಿ ಹೇಳಿದ್ದು, ಗದರಿಸಿಕೊಂಡದ್ದು. ನಾಲ್ಕಕ್ಕಿಂತ ಹೆಚ್ಚು ಮಾಡಿದರೆ ಹತ್ತೇ ನಿಮಿಷದಲ್ಲಿ ಕೈ ಸೋಲುತ್ತದೆ. ಪಕ್ಕದಲ್ಲಿ ‘ಏನು’ ಪ್ರಶ್ನೆಯೋ ‘ಏಕೆ–ಹೇಗೆ’ ಪ್ರಶ್ನೆಯೋ ಎಂದು ಒಂದಕ್ಷರ ಬರೆಯಿರಿ. ಮೊದಲ ಎರಡು ಪಿರಿಯಡ್ ಇಬ್ಬರೂ ಒಟ್ಟಿಗೆ ಕೂತು ಎಣಿಸಿ, ಹತ್ತರಲ್ಲಿ ಎಂಟಾದರೂ ಗುರುತು ಹೊಂದುವವರೆಗೆ ಅಭ್ಯಾಸ ಮಾಡಿ. ಆ ಎರಡು ಪಿರಿಯಡ್‌ಗಳ ಎಣಿಕೆ ಬಿಟ್ಟುಬಿಡಿ, ಹಿಂದೆ ಯಾರೋ ಕೂತಿದ್ದಾರೆಂದು ಮಕ್ಕಳೂ ಶಿಕ್ಷಕರೂ ಬಿಗಿಯಾಗಿರುತ್ತಾರೆ. ಆಮೇಲೆ ಒಂದು ತರಗತಿಗೆ ಕನಿಷ್ಠ ಆರು ಪಿರಿಯಡ್.

ಎಣಿಕೆಯನ್ನು ಮಕ್ಕಳ ಸಂಖ್ಯೆಯಿಂದ ಭಾಗಿಸುವುದನ್ನು ಮರೆಯಬೇಡಿ. 24 ಹುಡುಗರು, 16 ಹುಡುಗಿಯರ ತರಗತಿಯಲ್ಲಿ 50 ಉತ್ತರಗಳು ಬಂದವು, ಅದರಲ್ಲಿ 34 ಹುಡುಗರದ್ದು ಎನ್ನೋಣ. ತಲೆಗೆ ಹುಡುಗರಿಗೆ 1.4, ಹುಡುಗಿಯರಿಗೆ 1. ಇಷ್ಟಕ್ಕೇ ನಿಂತರೆ ತಪ್ಪು ಶಿಕ್ಷಕರದ್ದೆಂದು ಕಾಣುತ್ತದೆ. ಈಗ ಕೂಗಿ ಹೇಳಿದ ಉತ್ತರಗಳನ್ನು ಕಳೆಯಿರಿ: ಹುಡುಗರದ್ದು 14, ಹುಡುಗಿಯರದ್ದು 1. ಉಳಿದದ್ದು 20 ಮತ್ತು 15, ತಲೆಗೆ 0.83 ಮತ್ತು 0.94. ಶಿಕ್ಷಕರು ಅವಕಾಶವನ್ನು ಸರಿಯಾಗಿಯೇ ಹಂಚುತ್ತಿದ್ದಾರೆ, ಕೂಗಿದ ಉತ್ತರವನ್ನು ಸ್ವೀಕರಿಸುವುದರಿಂದ ತಕ್ಕಡಿ ವಾಲುತ್ತಿದೆ. ಇಂಥ ಶಿಕ್ಷಕರಿಗೆ ‘ಹುಡುಗಿಯರನ್ನು ಹೆಚ್ಚು ಕೇಳಿ’ ಎಂದು ಉಪದೇಶಿಸಿದರೆ ಸಿಟ್ಟು ಬರುವುದು ಸಹಜ. ಅವರು ಮಾಡಬೇಕಾದದ್ದು ಕೂಗಿದ ಉತ್ತರಕ್ಕೆ ‘ಸರಿ’ ಅನ್ನದಿರುವುದು, ಅಷ್ಟೆ.

ನಕ್ಷೆಯಲ್ಲಿ ಒಂದೂ ಗುರುತು ಬೀಳದ ಚೌಕಗಳನ್ನೂ ನೋಡಿ. ಮಾತಾಡುವವರು ಸಾಮಾನ್ಯವಾಗಿ ಕೆಲವೇ ಹುಡುಗರು. ಉಳಿದ ಹುಡುಗರು ಹುಡುಗಿಯರಷ್ಟೇ ಮೌನಿಗಳು. ಹೆಸರು ಬರೆದ ಐಸ್‌ಕ್ಯಾಂಡಿ ಕಡ್ಡಿ ಅಥವಾ ಚೀಟಿ ಎತ್ತಿ ಕೇಳುವುದು ಇಬ್ಬರಿಗೂ ಮದ್ದು. ಚೀಟಿ ಎತ್ತುವುದು ಪ್ರಶ್ನೆ ಕೇಳಿದ ಮೇಲೆ. ಮೊದಲೇ ಎತ್ತಿದರೆ ಉಳಿದವರೆಲ್ಲ ಆರಾಮಾಗುತ್ತಾರೆ. ಪ್ರಶ್ನೆಗೂ ಉತ್ತರಕ್ಕೂ ನಡುವೆ ಶಿಕ್ಷಕರು ಕಾಯುವುದು ಸುಮಾರು ಒಂದೇ ಸೆಕೆಂಡು ಎಂದು ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ಗುರುತಿಸಿದರು. ಅದು 3 ಸೆಕೆಂಡಿಗೆ ಏರಿದರೆ ಉತ್ತರಗಳು ಉದ್ದವಾಗುತ್ತವೆ, ಸುಮ್ಮನಿರುವವರೂ ಬಾಯಿ ಬಿಡುತ್ತಾರೆ. ಮೂರು ಸೆಕೆಂಡು ಕೇಳಲು ಸಣ್ಣದು, ತರಗತಿಯೆದುರು ನಿಂತವರಿಗೆ ಅದೊಂದು ಯುಗ. ಮನಸ್ಸಿನಲ್ಲೇ ಎಣಿಸಿ.

ಗಣಿತಕ್ಕೆ ಒಂದು ಮಾತು ಹೆಚ್ಚು. 2010ರಲ್ಲಿ ಸಿಯಾನ್ ಬೈಲಾಕ್ ಮತ್ತು ಸಂಗಡಿಗರು 1 ಮತ್ತು 2ನೇ ತರಗತಿಯ 17 ಶಿಕ್ಷಕಿಯರನ್ನು ಅಧ್ಯಯನ ಮಾಡಿದರು. ಶಿಕ್ಷಕಿಗೆ ಗಣಿತದ ಆತಂಕ ಹೆಚ್ಚಿದ್ದಷ್ಟೂ ವರ್ಷದ ಕೊನೆಗೆ ಹುಡುಗಿಯರ ಗಣಿತ ಕೆಳಗಿತ್ತು, ಹುಡುಗರದ್ದಲ್ಲ. ವರ್ಷದ ಆರಂಭದಲ್ಲಿ ಇಂಥ ಸಂಬಂಧವೇ ಇರಲಿಲ್ಲ. ಪುಟ್ಟ ಅಧ್ಯಯನ, ಆದರೂ ಪಾಠ ಪಾಲಿಸಲು ಖರ್ಚಿಲ್ಲ: ‘ನನಗೂ ಲೆಕ್ಕ ಕಷ್ಟಾನೇ ಆಗ್ತಿತ್ತು ಕಣಮ್ಮ’ ಎಂಬ ಸಮಾಧಾನದ ಮಾತು ತರಗತಿಯಲ್ಲಿ ಬೇಡ. ಕಷ್ಟದ ಘಟಕ ಶುರುವಾಗುವ ಮೊದಲು ಶಿಕ್ಷಕರೇ ಒಟ್ಟಿಗೆ ಕೂತು ಆ ಲೆಕ್ಕಗಳನ್ನು ಎರಡೆರಡು ರೀತಿಯಲ್ಲಿ ಬಿಡಿಸಲಿ.

ಓದುವ ಹುಡುಗನನ್ನು ಗೆಳೆಯರು ಏನೆನ್ನುತ್ತಾರೆ?

ಯೋಶಾ ಲೆಗೆವಿ ಮತ್ತು ಥಾಮಸ್ ಡಿಪ್ರೀಟೆ 2012ರಲ್ಲಿ ಬರ್ಲಿನ್ ಶಾಲೆಗಳ ಅಂಕಿಅಂಶದಿಂದ ಕಂಡುಕೊಂಡದ್ದು ಹೀಗೆ: ಸಹಪಾಠಿಗಳ ಹಿನ್ನೆಲೆ ಚೆನ್ನಾಗಿದ್ದು ಕಲಿಕೆಗೆ ಬೆಲೆ ಇರುವ ವಾತಾವರಣದಲ್ಲಿ ಹುಡುಗರು ಹುಡುಗಿಯರಿಗಿಂತ ಹೆಚ್ಚು ಲಾಭ ಪಡೆಯುತ್ತಾರೆ, ಓದಿನ ಅಂತರ ಕಿರಿದಾಗುತ್ತದೆ. ಅವರ ವಿವರಣೆಯಲ್ಲಿ ಎಂಥ ಹುಡುಗ ‘ಗಂಡಸು’ ಎಂಬುದನ್ನು ಗೆಳೆಯರ ಗುಂಪು ತೀರ್ಮಾನಿಸುತ್ತದೆ, ಆ ತೀರ್ಮಾನದಲ್ಲಿ ಶಾಲೆಯ ಕೈವಾಡವಿದೆ.

ಅಳೆಯಲು ಮಕ್ಕಳು ಹೆಸರು ಬರೆಯದೆ ಉತ್ತರಿಸುವ ಐದು ಪ್ರಶ್ನೆ ಸಾಕು: ಓದಿದ್ದನ್ನು ಗೆಳೆಯರಿಂದ ಮುಚ್ಚಿಡುತ್ತೀಯಾ? ಚೆನ್ನಾಗಿ ಓದುವ ಹುಡುಗನಿಗೆ ಅಡ್ಡಹೆಸರಿದೆಯೇ? ಹುಡುಗಿಗೆ? ಕಳೆದ ವಾರ ಪಠ್ಯವಲ್ಲದ್ದು ಎಷ್ಟು ದಿನ ಓದಿದೆ? ಹೋಮ್‌ವರ್ಕ್ ಮಾಡದಿದ್ದರೆ ಏನಾಗುತ್ತದೆ? ಕೊನೆಯದಕ್ಕೆ ಹುಡುಗರ ಉತ್ತರ ‘ಏನೂ ಆಗಲ್ಲ’ ಎಂದೂ ಹುಡುಗಿಯರ ಉತ್ತರ ‘ಬೈತಾರೆ’ ಎಂದೂ ಬಂದರೆ, ಶಾಲೆ ಹುಡುಗರಿಂದ ಕಡಿಮೆ ನಿರೀಕ್ಷಿಸುತ್ತಿದೆ. ಹೋಮ್‌ವರ್ಕಿನ ಮೊದಲ ಹತ್ತು ನಿಮಿಷವನ್ನು ತರಗತಿಯಲ್ಲೇ ಶುರು ಮಾಡಿಸಿ. ದಿನಕ್ಕೆ 20 ನಿಮಿಷ ತಾವೇ ಆರಿಸಿದ ಪುಸ್ತಕ ಓದುವ ಸಮಯ ಎಲ್ಲರಿಗೂ ಇರಲಿ, ಆಗ ಓದುವುದು ಯಾರೋ ಒಬ್ಬರ ಹುಚ್ಚಾಗಿ ಕಾಣುವುದಿಲ್ಲ. ಹುಡುಗರಿಗೆಂದೇ ಬರೀ ಕ್ರಿಕೆಟ್ಟು, ಕಾರಿನ ಪುಸ್ತಕ ತಂದು ಗುಡ್ಡೆ ಹಾಕುವುದು ಬೇಡ.

ಸೌಲಭ್ಯ, ಮತ್ತು ಹಣ ಹಾಕಬಾರದ ಕಡೆ

ದೂರ ಮತ್ತು ಶೌಚಾಲಯ ಹುಡುಗಿಯರನ್ನು ಹೆಚ್ಚು ತಾಕುತ್ತವೆ. ಅಫ್ಘಾನಿಸ್ತಾನದ ಘೋರ್ ಪ್ರಾಂತದಲ್ಲಿ ಹಳ್ಳಿಯೊಳಗೇ ಶಾಲೆ ತೆರೆದಾಗ ದಾಖಲಾತಿಯಲ್ಲಿದ್ದ ಹುಡುಗ–ಹುಡುಗಿಯರ ಅಂತರ ಹೆಚ್ಚುಕಡಿಮೆ ಮುಚ್ಚಿಹೋಯಿತು. ಭಾರತದ ಶಾಲೆಗಳ ಅಧ್ಯಯನದಲ್ಲಿ ಚಿಕ್ಕ ಮಕ್ಕಳಿಗೆ ಯಾವುದೇ ಶೌಚಾಲಯ ಸಾಕಾಯಿತು, ಮೈನೆರೆಯುವ ವಯಸ್ಸಿನ ಹುಡುಗಿಯರಿಗೆ ಪ್ರತ್ಯೇಕವಾದದ್ದೇ ಬೇಕಾಯಿತು. ಆದರೆ ನೇಪಾಳದಲ್ಲಿ ಮುಟ್ಟಿನ ಕಪ್ ಹಂಚಿದ ಪ್ರಯೋಗದಲ್ಲಿ ಹಾಜರಿ ಏರಲಿಲ್ಲ, ಏಕೆಂದರೆ ಮುಟ್ಟಿನಿಂದ ತಪ್ಪುತ್ತಿದ್ದ ದಿನಗಳೇ ಅಲ್ಲಿ ತೀರಾ ಕಡಿಮೆ ಇದ್ದವು. ಕಪ್ ಬೇಕಾದ ಕಾರಣ ಬೇರೆ ಇರಬಹುದು. ಹಾಜರಿಯ ಹೆಸರಲ್ಲಿ ಖರ್ಚು ಮಾಡುವ ಮೊದಲು ಹಾಜರಿ ಪುಸ್ತಕ ನೋಡಿ.

ಹುಡುಗ–ಹುಡುಗಿಯರನ್ನು ಬೇರೆ ತರಗತಿಗಳಲ್ಲಿ ಕೂರಿಸಿದರೆ? ಸಿಯೋಲ್‌ನಲ್ಲಿ ಲಾಟರಿ ಮೂಲಕ ಶಾಲೆ ಹಂಚುತ್ತಿದ್ದಾಗ ಪ್ರತ್ಯೇಕ ಶಾಲೆಗಳ ಮಕ್ಕಳಿಗೆ ಸ್ವಲ್ಪ ಲಾಭ ಕಂಡಿತ್ತು. ಆದರೆ 21 ದೇಶಗಳ 184 ಅಧ್ಯಯನಗಳನ್ನು ಒಟ್ಟುಗೂಡಿಸಿದ 2014ರ ವಿಶ್ಲೇಷಣೆಯಲ್ಲಿ, ಮಕ್ಕಳ ಹಿನ್ನೆಲೆಯನ್ನು ಸರಿಯಾಗಿ ಲೆಕ್ಕಕ್ಕೆ ತಂದಾಗ ಲಾಭ ಬಹುತೇಕ ಆವಿಯಾಯಿತು. ‘ಹುಡುಗಿಯರಿಗೂ ಗಣಿತ ಬರುತ್ತದೆ’ ಎಂಬ ಪ್ರೇರಣಾ ಪೋಸ್ಟರುಗಳೂ ಬೇಡ. ‘ಹುಡುಗಿಯರಿಗೆ ಗಣಿತ ಬರದು’ ಎಂಬ ಮಾತನ್ನು ಪರೀಕ್ಷೆಗೆ ಮುಂಚೆ ನೆನಪಿಸಿದರೆ ಅಂಕ ಕುಸಿಯುತ್ತದೆ ಎಂಬ ಹೆಸರಾಂತ ವಾದ, 2018ರಲ್ಲಿ ನೆದರ್ಲೆಂಡ್ಸ್‌ನ 2000ಕ್ಕೂ ಹೆಚ್ಚು ವಿದ್ಯಾರ್ಥಿಗಳ ಮೇಲೆ ನಡೆಸಿದ ಪರೀಕ್ಷೆಯಲ್ಲಿ ನಿಲ್ಲಲಿಲ್ಲ.

ಬದಲಿಸುವಾಗ

ಒಂದು ಅವಧಿಗೆ ಒಂದೇ ಬದಲಾವಣೆ, ಅದೂ ಅರ್ಧ ವಿಭಾಗಗಳಲ್ಲಿ. ಯಾವ ವಿಭಾಗ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸಿ. ಉತ್ಸಾಹದ ಶಿಕ್ಷಕರಿಗೇ ಕೊಟ್ಟರೆ ಫಲ ಬದಲಾವಣೆಯದ್ದೋ ಶಿಕ್ಷಕರದ್ದೋ ತಿಳಿಯದು. ಎರಡು ಗುಂಪುಗಳ ನಡುವೆ 0.2ರಷ್ಟು ವ್ಯತ್ಯಾಸವನ್ನು ಖಚಿತವಾಗಿ ಹಿಡಿಯಲು ಪ್ರತಿ ಗುಂಪಿನಲ್ಲೂ ಸುಮಾರು 400 ಮಕ್ಕಳು ಬೇಕು, ಅಷ್ಟು ಮಂದಿ ಒಂದು ಶಾಲೆಯ ಒಂದು ತರಗತಿಯಲ್ಲಿ ಸಿಗುವುದು ಅಪರೂಪ. ಆದ್ದರಿಂದ ಒಂದು ಅವಧಿ ಮುಗಿಯುತ್ತಲೇ ಅಂಕಗಳಲ್ಲಿ ಫಲ ಹುಡುಕಬೇಡಿ. ಬೇಗ ಅಲುಗಾಡುವುದನ್ನು ಅಳೆಯಿರಿ: ಹೆಸರು ಮುಚ್ಚಿದಾಗಿನ ವ್ಯತ್ಯಾಸ 4ರಿಂದ 1ಕ್ಕೆ ಬಂತೇ, ಕೂಗಿದ ಉತ್ತರ 15ರಿಂದ 5ಕ್ಕೆ ಇಳಿಯಿತೇ, ಗುರುತು ಬೀಳದ ಚೌಕಗಳು ಎಷ್ಟು ಉಳಿದವು. ಅಂಕಗಳ ಅಂತರವನ್ನು ಮೂರು ವರ್ಷಕ್ಕೊಮ್ಮೆ, ಅದೇ ಸೂತ್ರದಿಂದ, ಬಿಟ್ಟುಹೋದವರನ್ನೂ ಸೇರಿಸಿ ಮತ್ತೆ ಲೆಕ್ಕ ಹಾಕಿ. ಹಳೆಯ ಆಸನ ನಕ್ಷೆಗಳನ್ನು ದಿನಾಂಕ ಬರೆದು ಫೈಲಿನಲ್ಲಿಡಿ, ಎರಡನೇ ಸಲ ಎಣಿಸುವವರಿಗೆ ಮೊದಲು ಬೇಕಾಗುವುದು ಅವೇ.